ತಲೆನೋವೆಂದು ಹೇಳಿ ಸುಮ್ಮನಾಗಬೇಡಿ

ಸಂಜೆಯ ಹೊತ್ತು. ಒಲೆಯ ಮೇಲೆ ತೊಗರಿಬೇಳೆ ಕುದಿಯುತ್ತಿದೆ, ರೊಟ್ಟಿ ಇನ್ನೂ ಆಗಿಲ್ಲ. ಮಗಳಿಗೆ ನಾಳೆ ಪರೀಕ್ಷೆ. ಅತ್ತೆಗೆ ಸಕ್ಕರೆ ಕಾಯಿಲೆಯ ಮಾತ್ರೆ ಕೊಡಬೇಕು. ಹೈದರಾಬಾದಿಗೆ ಕೆಲಸಕ್ಕೆ ಹೋದ ಗಂಡನ ಫೋನು ಎರಡು ದಿನದಿಂದ ಬಂದಿಲ್ಲ. ಸಂಘದ ಸಾಲದ ಕಂತು ಕಟ್ಟುವ ದಿನ ಹತ್ತಿರ ಬಂದಿದೆ. ಅಷ್ಟರಲ್ಲಿ ಚಿಕ್ಕ ಮಗ ಹಾಲಿನ ಲೋಟ ಉರುಳಿಸುತ್ತಾನೆ. ತಾಯಿಯ ಕೈ ಮೇಲೇಳುತ್ತದೆ. ಪೆಟ್ಟು ತಿಂದ ಮಗುವಿಗಿಂತ ಹೆಚ್ಚು ಅಳುವವಳು ಅವಳೇ.

“ಏನಾಯ್ತು ಬೇಟಿ?” ಎಂದು ಅತ್ತೆ ಕೇಳುತ್ತಾರೆ.

“ಏನಿಲ್ಲ ಅಮ್ಮಿ, ಸ್ವಲ್ಪ ತಲೆನೋವು.”

ಡಾಬಕಾದಂತಹ ಹಳ್ಳಿಯಿರಲಿ, ಔರಾದ್, ಭಾಲ್ಕಿ ಅಥವಾ ಬೀದರ್ ನಗರದ ಗಲ್ಲಿಯಿರಲಿ, ಈ ಚಿತ್ರ ನಮ್ಮ ಸಹೋದರಿಯರಿಗೆ ಹೊಸದಲ್ಲ. ಮಳೆ ನಂಬಿದ ಬೇಸಾಯ. ತೊಗರಿ, ಉದ್ದು, ಸೋಯಾ ಕೈಕೊಟ್ಟರೆ ಅದರ ಬಿಸಿ ಮೊದಲು ತಟ್ಟುವುದು ಅಡುಗೆ ಮನೆಗೆ. ಆದರೆ ಮನೆಯ ಹೆಣ್ಣು “ನನಗೆ ಸಾಕಾಗಿದೆ” ಎಂದು ಬಾಯಿಬಿಟ್ಟು ಹೇಳುವುದಿಲ್ಲ. ತಲೆನೋವು, ಎದೆ ಬಡಿತ, ಹೊಟ್ಟೆ ಉರಿ, ನಿದ್ದೆ ಬಾರದಿರುವುದು - ಅವಳ ಪರವಾಗಿ ದೇಹವೇ ಮಾತನಾಡುತ್ತದೆ.

ಇದು ಈಮಾನಿನ ಕೊರತೆಯೇ?

ಕೆಲವರು ಹಾಗೆಂದು ಹೇಳಿ ನೊಂದವಳನ್ನು ಮತ್ತಷ್ಟು ನೋಯಿಸುತ್ತಾರೆ. ಅದು ಸರಿಯಲ್ಲ. ಅಪಾಯ ಕಂಡಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಹೊರಬಿಡುತ್ತದೆ. ಎದೆ ಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹಾವು ಕಂಡಾಗ ಓಡಲು ಇದು ಬೇಕು. ಆದರೆ ಸಾಲ, ಕಾಯಿಲೆ, ಜಗಳಗಳ ಚಿಂತೆ ಹಾವಿನಂತೆ ಹರಿದು ಹೋಗುವುದಿಲ್ಲ. ದಿನವಿಡೀ ಬಿಗಿದುಕೊಂಡಿರುವ ದೇಹ ದಣಿಯುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ಜ್ವರ ಬಂದವಳನ್ನು ನಾವು ದೂಷಿಸುವುದಿಲ್ಲ. ಇವಳನ್ನೇಕೆ ದೂಷಿಸಬೇಕು?

ಮನೆಯಲ್ಲೇ ಮಾಡಬಹುದಾದದ್ದು

ಮೊದಲನೆಯದು ಉಸಿರು. ಸಿಟ್ಟು ನೆತ್ತಿಗೇರಿದಾಗ ಒಂದು ಕ್ಷಣ ಕುಳಿತುಕೊಳ್ಳಿ. ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಳ್ಳಿ, ಆರು ಎಣಿಸುತ್ತಾ ನಿಧಾನವಾಗಿ ಬಿಡಿ. ಐದು ನಿಮಿಷ ಹೀಗೆ ಮಾಡಿದರೆ ಎದೆ ಬಡಿತ ಇಳಿಯುತ್ತದೆ. ಪಾದ ನೆಲಕ್ಕೆ ಊರಿರುವುದನ್ನು, ಕೈಗೆ ತಾಗುವ ನೀರಿನ ತಂಪನ್ನು ಗಮನಿಸಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಒತ್ತಡ ನಿರ್ವಹಣೆಯ ಪುಸ್ತಿಕೆಯೂ ಮೊದಲು ಕಲಿಸುವುದು ಇಂತಹ ಅಭ್ಯಾಸವನ್ನೇ. ವುಝೂ ಮಾಡುವಾಗ, ನಮಾಝಿನಲ್ಲಿ ನಿಂತಾಗ ಅವಸರ ಮಾಡದಿದ್ದರೆ ದಿನಕ್ಕೆ ಐದು ಬಾರಿ ಈ ಬಿಡುವು ತಾನಾಗಿಯೇ ದೊರೆಯುತ್ತದೆ.

ಎರಡನೆಯದು ಚಿಂತೆಯನ್ನು ವಿಂಗಡಿಸುವುದು. ಮಗಳ ಹಳೆಯ ನೋಟುಪುಸ್ತಕದಲ್ಲಿ ಎರಡು ಸಾಲು ಬರೆಯಿರಿ. ಇಂದು ನಾನು ಮಾಡಬಹುದಾದದ್ದು ಒಂದು ಕಡೆ, ನನ್ನ ಕೈಯಲ್ಲಿ ಇಲ್ಲದ್ದು ಇನ್ನೊಂದು ಕಡೆ. ಮಳೆ ಎರಡನೆಯ ಸಾಲಿಗೆ ಸೇರುತ್ತದೆ. ಕಂತಿನ ಬಗ್ಗೆ ಸಂಘದವರೊಡನೆ ಮುಂಚಿತವಾಗಿ ಮಾತನಾಡುವುದು ಮೊದಲನೆಯದಕ್ಕೆ. ಓದು ಬಾರದವರು ನಂಬಿಕಸ್ಥ ನೆರೆಯವಳ ಬಳಿ ಹೇಳಿಕೊಂಡರೂ ಸಾಕು. ಹೇಳಿಕೊಂಡ ದುಃಖ ಅರ್ಧ ಹಗುರ.

ಮೂರನೆಯದು ಮೈಯ ಕಾಳಜಿ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ಬಿಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಸುಸ್ತು, ತಲೆಸುತ್ತು, ಎದೆ ಬಡಿತಕ್ಕೆ ಅದೂ ಕಾರಣವಾಗಬಹುದು. ಆದುದರಿಂದ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ರಾತ್ರಿ ಚಹಾ ಬೇಡ, ಹಾಸಿಗೆಯಲ್ಲಿ ಮೊಬೈಲು ಬೇಡ. ಹೊಲದಲ್ಲಿ ದುಡಿಯದವರು ದಿನಕ್ಕೆ ಅರ್ಧ ಗಂಟೆ ನಡೆಯಿರಿ.

ನಾಲ್ಕನೆಯದು ಮನೆಯವರಿಗೆ ಹೇಳುವ ಮಾತು. ಬೇರೆಯವರು ಹೊರಿಸಿದ ಭಾರ ಬರಿಯ ಉಸಿರಾಟದಿಂದ ಇಳಿಯುವುದಿಲ್ಲ. ಪ್ರವಾದಿಯವರು(ಸ) ಮನೆಗೆಲಸದಲ್ಲಿ ಮನೆಯವರಿಗೆ ನೆರವಾಗುತ್ತಿದ್ದರು, ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು. ಹಾಗಿರುವಾಗ ನೀರು ತುಂಬಿಸಿದರೆ, ಮಗುವಿಗೆ ಉಣಿಸಿದರೆ ಯಾವ ಗಂಡಸಿನ ಮರ್ಯಾದೆಯೂ ಹೋಗುವುದಿಲ್ಲ. ಗಂಡು ಮಕ್ಕಳಿಗೂ ತಮ್ಮ ತಟ್ಟೆ ತೊಳೆಯುವುದನ್ನು ಕಲಿಸಿ.

ಇಷ್ಟಕ್ಕೂ ಸರಿಹೋಗದಿದ್ದರೆ?

ಎರಡು ವಾರ ಕಳೆದರೂ ನಿದ್ದೆ, ಹಸಿವು ಮರಳದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಸುಮ್ಮನೆ ಅಳು ಬರುತ್ತಿದ್ದರೆ ವೈದ್ಯರನ್ನು ಕಾಣಬೇಕು. ಹೆರಿಗೆಯಾದ ಹೊಸತರಲ್ಲಿ ಇದನ್ನು ಮರೆಯಲೇಬಾರದು. ಬದುಕೇ ಬೇಡವೆನ್ನುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. ಹೊಡೆತ ಬಡಿತವೇ ದುಃಖಕ್ಕೆ ಕಾರಣವಾಗಿದ್ದರೆ ಅದು ಸಹಿಸಿಕೊಳ್ಳುವ ವಿಷಯವಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ನಮ್ಮದೇ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಕಾರ್ಯಕರ್ತರಿಗೆ ತರಬೇತಿ ನೀಡಿ, ಈ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರವೇ ಕೊಡಬಹುದೆಂದು ತೋರಿಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಮನೆಯಿಂದ ಹೊರಡಲು ಆಗದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ದುಆ ಮಾಡುವುದಕ್ಕೂ ಮದ್ದು ತೆಗೆದುಕೊಳ್ಳುವುದಕ್ಕೂ ವಿರೋಧವಿಲ್ಲ. ಸಕ್ಕರೆ ಕಾಯಿಲೆಗೆ ಎರಡನ್ನೂ ಮಾಡುವ ನಾವು ಮನಸ್ಸಿಗೇಕೆ ಮಾಡಬಾರದು?

ಮುಂದಿನ ಬಾರಿ ಅತ್ತೆಯೋ ಅಕ್ಕನೋ “ಏನಾಯ್ತು?” ಎಂದು ಕೇಳಿದಾಗ ತಲೆನೋವೆಂದು ಹೇಳಿ ಸುಮ್ಮನಾಗಬೇಡಿ. “ನನಗೆ ಕಷ್ಟವಾಗುತ್ತಿದೆ, ಸ್ವಲ್ಪ ಹೊತ್ತು ಕೂತುಕೊಳ್ಳಿ” ಎನ್ನಿ. ಕೇಳುವವರೂ ಅಷ್ಟೇ, ಬುದ್ಧಿ ಹೇಳುವ ಅವಸರ ಮಾಡದೆ ಹತ್ತು ನಿಮಿಷ ಪಕ್ಕದಲ್ಲಿ ಕುಳಿತುಕೊಳ್ಳಿ. ಬೇಳೆ ಸ್ವಲ್ಪ ತಡವಾಗಿ ಬೆಂದರೂ ನಡೆಯುತ್ತದೆ.