ನಾಲೆಯ ತುದಿಯ ಹಳ್ಳಿ

ಹಳ್ಳಿಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಆಲದ ಕಟ್ಟೆ, ಗುಡಿ, ಹೊತ್ತು ಮುಳುಗುವಾಗ ಮನೆಗೆ ಮರಳುವ ದನಗಳು. ಈ ಚಿತ್ರವನ್ನು ನಮಗೆ ಕೊಟ್ಟದ್ದು ಬಹುಮಟ್ಟಿಗೆ ಸಾಹಿತ್ಯವೇ. ಆದರೆ ಹರಿಹರದಿಂದ ಮಲೇಬೆನ್ನೂರಿನತ್ತ ಹೋಗುವ ಹಾದಿಯ ಹಳ್ಳಿಗಳ ಸ್ವಭಾವವನ್ನು ಅರಿಯಬೇಕಾದರೆ ಗುಡಿಯಿಂದಲ್ಲ, ನಾಲೆಯ ತೂಬಿನಿಂದ ಆರಂಭಿಸಬೇಕೆಂದು ನಾನು ಭಾವಿಸುತ್ತೇನೆ.

ಭದ್ರೆಯ ನೀರು ಬರುವ ಮುನ್ನ ಈ ಸೀಮೆಯ ಬಹುಭಾಗ ಬೆದ್ದಲು. ಸೂಳೆಕೆರೆಯ ನೀರುಂಡ ಗದ್ದೆಗಳನ್ನು ಬಿಟ್ಟರೆ ಉಳಿದಲ್ಲೆಲ್ಲ ಜೋಳ, ಹತ್ತಿ, ನವಣೆ. ಬೆಳೆದ ಜೋಳ ಹಗೇವು ಸೇರುತ್ತಿತ್ತು. ನೆಲದೊಳಗೆ ತೋಡಿದ ಆ ಕಣಜಕ್ಕೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತುತ್ತಿದ್ದರು. ತೆರೆದೊಡನೆ ಇಳಿಯುವಂತಿರಲಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು, ದೀಪ ಇಳಿಬಿಟ್ಟು ನೋಡಬೇಕು. ಹಗೇವಿನ ಜೋಳಕ್ಕೆ ಒಂದು ವಾಸನೆಯುಂಟು, ಉಂಡವರು ಬಲ್ಲರು. ಬರಗಾಲವನ್ನು ಎದುರಿಸುವ ಧೈರ್ಯವನ್ನು ಊರು ತನ್ನ ಕಾಲಡಿಯಲ್ಲೇ ಇಟ್ಟುಕೊಂಡಿತ್ತು. ಎಲ್ಲರ ಮನೆಗೂ ಹಗೇವಿರಲಿಲ್ಲವೆಂಬುದನ್ನು ಮಾತ್ರ ಮರೆಯಬಾರದು.

ಲಕ್ಕವಳ್ಳಿಯ ಅಣೆಕಟ್ಟೆ 1960ರ ದಶಕದಲ್ಲಿ ಪೂರ್ಣಗೊಂಡಿತು. ಬಲದಂಡೆ ನಾಲೆ ಮುಂದೆ ದಾವಣಗೆರೆ, ಮಲೇಬೆನ್ನೂರು ಶಾಖೆಗಳಾಗಿ ಕವಲೊಡೆಯಿತು. ಭತ್ತ ಬಂದಿತು, ಹಣ, ಹಂಚಿನ ಮನೆ, ಮಕ್ಕಳಿಗೆ ಓದು ಬಂದವು. ಆದರೆ ಭತ್ತ ಹಗೇವಿಗೆ ಹೋಗಲಿಲ್ಲ, ಗದ್ದೆಯಿಂದ ನೇರವಾಗಿ ಪೇಟೆಗೆ ಹೋಯಿತು. ಕಾಳು ಕೂಡಿಡುತ್ತಿದ್ದ ರೈತ ದಲ್ಲಾಲಿ ಅಂಗಡಿಯ ಲೆಕ್ಕದ ಚೀಟಿ ಕೂಡಿಡತೊಡಗಿದ. ಕಟಾವಿನ ಯಂತ್ರ ಬಂದ ಮೇಲೆ ಕಣವೂ ಹೋಯಿತು. ಕಣದೊಡನೆ ರಾಶಿಪೂಜೆ, ಆಯಗಾರರ ಪಾಲು ಎಲ್ಲವೂ.

ನೀರು ತಂದ ಇನ್ನೊಂದು ಗುಣವೆಂದರೆ ಮೇಲು-ಕೆಳಗೆಂಬ ಹೊಸ ಭೇದ. ಇದು ಜಾತಿಯದಲ್ಲ, ನಾಲೆಯದು. ಮೇಲ್ಭಾಗದಲ್ಲಿ ಅಡಿಕೆ ತೋಟಗಳು ಹಬ್ಬಿವೆ. ಅಡಿಕೆಗೆ ವರ್ಷವಿಡೀ ನೀರು ಬೇಕು, ನಾಲೆಗೇ ಪಂಪು ಇಳಿಬಿಟ್ಟವರೂ ಉಂಟು. ಭಾನುವಳ್ಳಿಯ ಕಡೆಯ ತುದಿಯ ರೈತರಿಗೆ ಉಳಿಯುವುದು ಮೇಲಿನವರು ಬಿಟ್ಟಷ್ಟೇ. 2023ರಲ್ಲಿ ಮಳೆ ಕೈಕೊಟ್ಟಾಗ ದಾವಣಗೆರೆಯ ರೈತರು ಭದ್ರೆಯ ನೀರಿಗಾಗಿ ಬೀದಿಗಿಳಿದರು.

ಸ್ಪೇನಿನ ವೆಲೆನ್ಸಿಯಾದಲ್ಲಿ ಪ್ರತಿ ಗುರುವಾರ ರೈತರೇ ಆರಿಸಿದ ಪ್ರತಿನಿಧಿಗಳು ಪ್ರಧಾನ ಇಗರ್ಜಿಯ ಬಾಗಿಲಲ್ಲಿ ಕುಳಿತು ನೀರಿನ ವ್ಯಾಜ್ಯಗಳನ್ನು ಬಾಯಿಮಾತಿನಲ್ಲೇ ತೀರ್ಮಾನಿಸುತ್ತಾರೆ. ನಮ್ಮಲ್ಲಿಯೂ ನೀರು ಬಳಕೆದಾರರ ಸಹಕಾರ ಸಂಘಗಳಿವೆ. ಆದರೆ ಅಣೆಕಟ್ಟೆಯ ಬಾಗಿಲು ತೆರೆಯುವ ದಿನ ಅವರ ಕೈಯಲ್ಲಿಲ್ಲ. ಆದ್ದರಿಂದ ಬೇಸಿಗೆಯ ಸರದಿ ಬಂದಾಗ ತುದಿಯ ಹಳ್ಳಿಯವರು ರಾತ್ರಿ ಬುತ್ತಿ ಕಟ್ಟಿಕೊಂಡು ನಾಲೆಯ ಏರಿಯ ಮೇಲೆ ಮೇಲ್ಮುಖವಾಗಿ ನಡೆಯುತ್ತಾರೆ, ತೂಬು ತೂಬಿಗೂ ಕಾವಲು ಕೂರುತ್ತಾರೆ. ಸರದಿ ಮುಗಿಯುವುದರೊಳಗೆ ನೀರು ಮುಟ್ಟಿದರೆ ಬೆಳೆ ಉಳಿಯಿತು. ಮುಟ್ಟದಿದ್ದರೆ ತೆನೆ ಬಿಡುವ ಹೊತ್ತಿಗೆ ಗದ್ದೆ ಬಿರುಕು ಬಿಡುತ್ತದೆ.