ಗರ್ಭಿಣಿಗೆ ಹೆಪಟೈಟಿಸ್-ಬಿ ಲಸಿಕೆ

ಗರ್ಭಿಣಿಯು ಹೆಪಟೈಟಿಸ್-ಬಿ ಲಸಿಕೆ ಹಾಕಿಸಿಕೊಂಡರೆ ಗರ್ಭಸ್ಥ ಶಿಶುವಿಗೆ ಕೇಡಾದೀತೆಂದು ನೀವು ಅಂಜಬೇಕಾಗಿಲ್ಲ. ಲಸಿಕೆಯಲ್ಲಿ ಜೀವಂತ ವೈರಾಣುವಿಲ್ಲ. ಅದರ ಹೊರಕವಚದ ಪ್ರೋಟೀನು ಮಾತ್ರವಿರುವುದರಿಂದ ರೋಗ ತಗುಲದು. ತೋಳು ಒಂದೆರಡು ದಿನ ನೋಯಬಹುದು, ಅಷ್ಟೆ.

ಅಂಜಬೇಕಾದುದು ರೋಗಕ್ಕೆ. ಅದು ರಕ್ತದಿಂದಲೂ ದಾಂಪತ್ಯ ಸಂಪರ್ಕದಿಂದಲೂ ಹರಡುತ್ತದೆ. ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೂ ತಗುಲುತ್ತದೆ. ಹೀಗೆ ಹುಟ್ಟುವಾಗಲೇ ಸೋಂಕು ತಗುಲಿದ 10 ಶಿಶುಗಳ ಪೈಕಿ ಸುಮಾರು 9ರಲ್ಲಿ ಅದು ಬೇರೂರಿ, ಮುಂದೆ ಯಕೃತ್ತನ್ನು ಕೆಡಿಸಬಲ್ಲದು. ಸೋಂಕುಳ್ಳವರ ಕಣ್ಣು ಹಳದಿಯಾಗದೆಯೂ ಇರಬಹುದು. ಆದುದರಿಂದ ಗರ್ಭಿಣಿಯ ರಕ್ತಪರೀಕ್ಷೆಯನ್ನು ತಪ್ಪಿಸಬೇಡಿರಿ. ಪತಿಗೆ ಸೋಂಕಿದ್ದು ಪತ್ನಿಗೆ ಇಲ್ಲವಾದರೆ, ವೈದ್ಯರನ್ನು ಕಂಡು ಆಕೆಗೆ ಬಸುರಿನಲ್ಲಿಯೇ ಲಸಿಕೆ ಹಾಕಿಸಿರಿ.

ಬೆಂಗಳೂರಿನ ಬಸವೇಶ್ವರನಗರದಲ್ಲಿ ಪರೀಕ್ಷೆ ಮಾಡಿಸಿ ಹೆರಿಗೆಗೆ ತವರೂರಿಗೆ ಬರುವವರು ತಾಯಿ ಕಾರ್ಡನ್ನು ಜೊತೆಗೆ ತರಬೇಕು. ಶಿಶುವಿಗೆ ಮೊದಲ ಚುಚ್ಚುಮದ್ದು ಹುಟ್ಟಿದ 24 ಗಂಟೆಗಳೊಳಗೆ ಬೀಳಬೇಕು. 2011ರಿಂದ ಇದು ದೇಶದಾದ್ಯಂತ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಉಚಿತವಾಗಿ ದೊರೆಯುತ್ತಿದೆ.