ಪೈಥಾನ್ ಉನ್ನತೀಕರಣ: ಪೂರಕ ಪ್ಯಾಕೇಜುಗಳು ಕೆಡದಂತೆ ಅನುಸರಿಸಬೇಕಾದ ಕ್ರಮ

ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳ ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರ ಗಮನಕ್ಕೆ.

ಪಂಚತಂತ್ರ 2.0 ತಂತ್ರಾಂಶದ ಪರಿಷ್ಕರಣೆಯನ್ನು ಇಲಾಖೆಯೇ ನೋಡಿಕೊಳ್ಳುತ್ತದೆ. ಆದರೆ ಹಳೆಯ ನುಡಿ ಪಟ್ಟಿಗಳನ್ನು ಯೂನಿಕೋಡಿಗೆ ಪರಿವರ್ತಿಸಲು, ನೀರಿನ ಕರದ ತಿಳಿವಳಿಕೆ ಪತ್ರ ಸಿದ್ಧಪಡಿಸಲು ಕಚೇರಿಯ ಗಣಕಯಂತ್ರದಲ್ಲಿ ಪೈಥಾನ್ ಭಾಷೆಯ ಪ್ರೋಗ್ರಾಮು ಬರೆದುಕೊಂಡಿದ್ದರೆ ಅದರ ಹೊಣೆ ಕಚೇರಿಯದೇ.

ನಾನು ಹಿಂದೆ ಸೇವೆ ಸಲ್ಲಿಸಿದ ಪಂಚಾಯತಿಯೊಂದರಲ್ಲಿ ಮಳೆಗಾಲದ ನಡುವೆ ಪೈಥಾನ್ 3.11 ಆವೃತ್ತಿಯನ್ನು ಅಳಿಸಿ 3.12 ಸ್ಥಾಪಿಸಿದೆನು. ಎಕ್ಸೆಲ್ ಕಡತ ಓದುವ ‘ಓಪನ್‌ಪೈಎಕ್ಸ್‌ಎಲ್’ ಪ್ಯಾಕೇಜು ಸಿಗದೆ ಪ್ರೋಗ್ರಾಮು ನಿಂತಿತು. ಮರುಸ್ಥಾಪಿಸೋಣವೆಂದರೆ ಅಂತರಜಾಲ ಸಂಪರ್ಕವೂ ಕಡಿದಿತ್ತು. ಅವಸರದಲ್ಲಿ ಹಿಂದಿನ ತಿಂಗಳ ಪಟ್ಟಿಯನ್ನು ನೋಡಿ ಪತ್ರಗಳನ್ನು ಕೈಯಲ್ಲೇ ಬರೆದು ಹಂಚಿದೆವು. ಆಗಲೇ ಕರ ಪಾವತಿಸಿದ್ದ ವೃದ್ಧೆಯೊಬ್ಬರು ರಸೀದಿ ಹಿಡಿದು ಸುರಿಮಳೆಯಲ್ಲಿ ಕಚೇರಿಗೆ ಬರಬೇಕಾಯಿತು. ತಪ್ಪು ನನ್ನದೇ ಆಗಿತ್ತು.

ಕಾರಣವಿಷ್ಟೇ: 3.11ಕ್ಕೆ ಸೇರಿಸಿದ ಪ್ಯಾಕೇಜುಗಳು ಅದರ ಫೋಲ್ಡರಿನಲ್ಲಿಯೇ ಇರುತ್ತವೆ, 3.12 ತನ್ನ ಫೋಲ್ಡರಿನಲ್ಲಿ ಮಾತ್ರ ಹುಡುಕುತ್ತದೆ. ಅಲ್ಲದೆ, 2023ರ ಅಕ್ಟೋಬರ್‌ನಲ್ಲಿ ಬಂದ 3.12ರಿಂದ ‘ಡಿಸ್ಟ್‌ಯುಟಿಲ್ಸ್’ ಎಂಬ ಹಳೆಯ ಭಾಗವನ್ನು ಕೈಬಿಡಲಾಗಿದೆ. ಅದನ್ನು ಅವಲಂಬಿಸಿದ ಹಳೆಯ ಪ್ಯಾಕೇಜುಗಳು ಮರುಸ್ಥಾಪಿಸಿದರೂ ನಡೆಯದಿರಬಹುದು. ಹಾಗೆಂದು ಹಳೆಯ ಆವೃತ್ತಿಯಲ್ಲಿಯೇ ಉಳಿಯುವುದೂ ಸರಿಯಲ್ಲ. ಪ್ರತಿ ಆವೃತ್ತಿಗೂ ಸುಮಾರು 5 ವರ್ಷ ಮಾತ್ರ ಭದ್ರತಾ ತಿದ್ದುಪಡಿಗಳು ದೊರೆಯುತ್ತವೆ.

ಹಳೆಯ ಅಡಿಕೆ ಮರ ಕಡಿಯುವ ಮುನ್ನ ಪಕ್ಕದಲ್ಲಿ ಹೊಸ ಸಸಿ ಬೆಳೆಸುವ ಕ್ರಮವೇ ಇಲ್ಲಿಯೂ ಸೂಕ್ತ.

1. ‘ಪಿಪ್ ಫ್ರೀಜ್’ ಆದೇಶದಿಂದ ಈಗಿರುವ ಪ್ಯಾಕೇಜುಗಳ ಹೆಸರು ಮತ್ತು ಆವೃತ್ತಿಗಳ ಪಟ್ಟಿಯನ್ನು ಉಳಿಸಿಕೊಳ್ಳುವುದು.
2. ಹಳೆಯ ಪೈಥಾನನ್ನು ಅಳಿಸದೆ ಹೊಸದನ್ನು ಪಕ್ಕದಲ್ಲಿ ಸ್ಥಾಪಿಸುವುದು. ಎರಡೂ ಒಂದೇ ಯಂತ್ರದಲ್ಲಿ ಇರಬಲ್ಲವು.
3. ಹೊಸ ಆವೃತ್ತಿಯಲ್ಲಿ ‘ವೆನ್ವ್’ ಮೂಲಕ ಪ್ರತ್ಯೇಕ ಪರಿಸರ ರಚಿಸಿ, ಪಟ್ಟಿಯಂತೆ ಪ್ಯಾಕೇಜುಗಳನ್ನು ಅದರೊಳಗೆ ಸ್ಥಾಪಿಸುವುದು. ‘ಪಿಪ್ ಡೌನ್‌ಲೋಡ್’ ಮೂಲಕ ಅವುಗಳ ಪ್ರತಿಯನ್ನು ಪೆನ್‌ಡ್ರೈವಿನಲ್ಲಿಯೂ ಇಡುವುದು.
4. ಕಳೆದ ತಿಂಗಳ ಪಟ್ಟಿಯನ್ನು ಎರಡೂ ಆವೃತ್ತಿಗಳಲ್ಲಿ ನಡೆಸಿ, ಹೆಸರು, ಮೊತ್ತ ಮತ್ತು ಕನ್ನಡ ಅಕ್ಷರಗಳನ್ನು ಹೋಲಿಸುವುದು.
5. ಒಂದು ತಿಂಗಳು ಕೆಲಸ ಸುಸೂತ್ರವಾಗಿ ನಡೆದ ಬಳಿಕವೇ ಹಳೆಯದನ್ನು ತೆಗೆಯುವುದು.

ಸದಸ್ಯರು ಈ ಆದೇಶಗಳನ್ನು ಕಲಿಯಬೇಕಾಗಿಲ್ಲ. ಉನ್ನತೀಕರಣದ ವಿಷಯ ಸಾಮಾನ್ಯ ಸಭೆಗೆ ಬಂದಾಗ ಮೂರು ಪ್ರಶ್ನೆ ಕೇಳಿದರೆ ಸಾಕು: ಪ್ಯಾಕೇಜುಗಳ ಪಟ್ಟಿ ಇದೆಯೇ? ಹೊಸದರಲ್ಲಿ ಪರೀಕ್ಷಿಸಲಾಗಿದೆಯೇ? ಕೆಟ್ಟರೆ ಹಳೆಯದಕ್ಕೆ ಮರಳಲು ಸಾಧ್ಯವೇ? ಮೂರಕ್ಕೂ ‘ಹೌದು’ ಎಂಬ ಉತ್ತರ ಬರುವವರೆಗೆ ಉನ್ನತೀಕರಣವನ್ನು ತಡೆಹಿಡಿಯುವುದೇ ಲೇಸು.